ಪಾಲೆಮರದ ಏರಿನಲ್ಲಿ ರೈಟ್ ಕೊಟ್ಟವರು ಯಾರು?

"ಕಿವಿಯಿಂದ ಕೇಳಿದ್ದು ಮಾತ್ರ ಬೇಕು. ಪುಸ್ತಕದ್ದು ಬೇಡ. ಎಲ್ಲಿ ಕೇಳಿದ್ದು, ಯಾರ ಬಾಯಿಯಿಂದ ಕೇಳಿದ್ದು ಅಂತಲೂ ಹೇಳಬೇಕು" ಎನ್ನುತ್ತ ವಾಗ್ದೇವಿ ಟೀಚರು ಕರಿಹಲಗೆಯ ಮೇಲೆ ಇಂಗ್ಲಿಷಿನ ಒಂದು ಪದ ಬರೆದರು.

ರೈಟ್.

ಮನೆಯಿಂದ ಹೊರಡುವಾಗ ಬೇರೆ ಯಾವುದೋ ಪದವನ್ನು ಯೋಚಿಸಿಕೊಂಡು ಬಂದಿದ್ದರು. ಚಾಕ್‌ಪೀಸು ಹಿಡಿದ ಕೈ ತನ್ನಷ್ಟಕ್ಕೇ ಇದನ್ನು ಬರೆದುಬಿಟ್ಟಿತ್ತು.

ಒರೆಸುವ ಹಾಗೂ ಇರಲಿಲ್ಲ. ಮೂಡಬಿದಿರೆಯ ಮಹಿಳಾ ಸಮಾಜದ ಆ ಪುಟ್ಟ ಕೋಣೆಗೆ ಆದಿತ್ಯವಾರ ಮಧ್ಯಾಹ್ನ ಇಂಗ್ಲಿಷ್ ಕಲಿಯಲು ಬರುವ ಹೆಂಗಸರು ಆಗಲೇ ಒಬ್ಬರ ಮುಖ ಒಬ್ಬರು ನೋಡತೊಡಗಿದ್ದರು. ಮೂಡಬಿದಿರೆಯಿಂದ ಬಂಟ್ವಾಳದ ತನಕ ಆ ವಾರವೆಲ್ಲ ಜನರ ಬಾಯಲ್ಲಿ ಇದ್ದದ್ದು ಅದೊಂದೇ ಪದ.

ವಾರದ ಮೊದಲಲ್ಲಿ ಒಂದು ದಿನ ಸಾಯಂಕಾಲದ ಬಸ್ಸು ಸಿದ್ಧಕಟ್ಟೆ ದಾಟಿ ಪಾಲೆಮರದ ಏರಿನಲ್ಲಿ ನಿಂತಿತ್ತು. ಟಾಪಿನ ಮೇಲಿದ್ದ ತಾಮ್ರದ ಹಂಡೆಯನ್ನು ಇಳಿಸಿಕೊಳ್ಳಲು ಅಲ್ಲಿನ ಜಮೀನ್ದಾರ ಮುಂಡಪ್ಪ ಶೆಟ್ಟರು ಹಿಂದಿನ ಏಣಿ ಹತ್ತಿದ್ದರು. ಬಸ್ಸು ತಟ್ಟನೆ ಹೊರಟಿತು. ಶೆಟ್ಟರು ತಲೆ ಕೆಳಗಾಗಿ ಮುರಕಲ್ಲಿನ ಮೇಲೆ ಬಿದ್ದವರು ಮತ್ತೆ ಏಳಲಿಲ್ಲ. ಕಂಡಕ್ಟರ್ ಡೊಂಬಯ್ಯ ಬೇಕೆಂದೇ ರೈಟ್ ಕೊಟ್ಟನೆಂದು ಪೋಲೀಸರು ಅವನನ್ನು ಹಿಡಿದು ಒಳಗೆ ಹಾಕಿದ್ದರು. ಹಂಡೆಯನ್ನು ಬಸ್ಸಿನ ಒಳಗೆ ಇಡುವ ವಿಷಯದಲ್ಲಿ ಶೆಟ್ಟರಿಗೂ ಅವನಿಗೂ ಜೋರಾಗಿ ಮಾತಿಗೆ ಮಾತು ಬೆಳೆದದ್ದನ್ನು ಸ್ಟ್ಯಾಂಡಿನಲ್ಲಿ ಎಲ್ಲರೂ ನೋಡಿದ್ದರು.

ಆ ಬಸ್ಸಿನಲ್ಲಿ ವಾಗ್ದೇವಿ ಟೀಚರೂ ಇದ್ದರು.

ಕೋಣೆಯಲ್ಲಿ ಮೊದಲು ಬಾಯಿ ಬಿಟ್ಟವಳು ಪ್ರೇಮಾವತಿ. ಪೇಟೆಯಲ್ಲಿ ಗಂಡನ ಜೊತೆ ಚಾದ ಹೋಟೆಲು ನಡೆಸುವವಳು. ಮೌನ ಅವಳಿಗೆ ಹಿಡಿಸುವುದಿಲ್ಲ.

"ರೈಟ್ ಅಂದರೆ ಸರಿ ಅಂತ, ಟೀಚರೇ. ನಮ್ಮ ಹೋಟೆಲಿಗೆ ಬರುವ ಗುಮಾಸ್ತರು ಹೇಳುವುದು. ಇಡ್ಲಿ ರೈಟ್ ಉಂಟು, ಚಟ್ನಿ ರೈಟ್ ಇಲ್ಲ ಅಂತ."

"ಅದಕ್ಕೆ ನೀವು ಎಂತ ಹೇಳಿದಿರಿ ಪ್ರೇಮಕ್ಕ?" ಎಂದು ಕೇಳಿದಳು ಮುಂದಿನ ಬೆಂಚಿನ ಶಹರ್ಬಾನು.

"ಹಾಗಾದರೆ ನಾಳೆಯಿಂದ ಚಟ್ನಿ ಮನೆಯಿಂದಲೇ ತನ್ನಿ ಅಂದೆ."

ನಗು ಬಂತು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಟೀಚರು ಹಲಗೆಯ ಮೇಲೆ 'ಸರಿ' ಎಂದು ಬರೆದರು. ಪೋಲೀಸರ ಕವಾಯತು ನೋಡಿದವಳೊಬ್ಬಳು 'ಬಲಗಡೆ' ಎಂದಳು. ಅದನ್ನೂ ಬರೆದರು.

"ಇಂಗ್ಲಿಷಿನವರ ಕ್ರಮವೇ ಹಾಗೆ. ಒಂದು ಪದವನ್ನು ಹತ್ತು ಮನೆಯ ಕೆಲಸಕ್ಕೆ ಕಳಿಸ್ತಾರೆ. ಸರಿ ಅನ್ನಲಿಕ್ಕೆ ಕರೆಕ್ಟ್ ಉಂಟು, ಪ್ರಾಪರ್ ಉಂಟು. ನ್ಯಾಯ ಅನ್ನಲಿಕ್ಕೆ ಜಸ್ಟ್, ಫೇರ್. ಆದರೂ ನಮ್ಮ ಜನರ ಬಾಯಿಗೆ ಬಂದು ಕೂತದ್ದು ಇದೇ."

"ಹಕ್ಕು ಅಂತಲೂ ಉಂಟು, ಟೀಚರ್" ಎಂದಳು ಶಹರ್ಬಾನು. ಅವಳ ದನಿ ಸಣ್ಣದಾಗಿತ್ತು. "ಬಂಟ್ವಾಳದಲ್ಲಿ ನಮ್ಮ ವಕೀಲರ ಬಾಯಿಯಿಂದ ಕೇಳಿದ್ದು. ಹಾಜಬ್ಬನಿಗೆ ಆ ಗದ್ದೆಯಲ್ಲಿ ಮೂಲಗೇಣಿಯ ರೈಟ್ ಉಂಟು ಅಂತ."

ಹಾಜಬ್ಬ ಎಂದರೆ ಅವಳ ಅಪ್ಪ. ಮುಂಡಪ್ಪ ಶೆಟ್ಟರ ಮನೆಯ ಗದ್ದೆಯನ್ನು ಅಜ್ಜನ ಕಾಲದಿಂದ ಉಳುತ್ತ ಬಂದವರು. ಗೇಣಿ ಕೊಡುವಷ್ಟು ಕಾಲ ಯಾರೂ ಎಬ್ಬಿಸಬಾರದ ಹಕ್ಕು ಅದು. ಅಂಥ ಹಕ್ಕೇ ಇಲ್ಲವೆಂದು ಶೆಟ್ಟರ ಮನೆಯಿಂದ ವ್ಯಾಜ್ಯ ಹೂಡಿದ್ದರು.

"ಮುಂಡಪ್ಪ ಶೆಟ್ರು ಈ ಸಲ ಕೋರ್ಟಿಗೆ ಬಂದು, ಹೌದು, ಹಾಜಬ್ಬನಿಗೆ ಹಕ್ಕು ಉಂಟು, ನಮ್ಮವರು ಹೇಳಿದ್ದು ಸುಳ್ಳು ಅಂತ ಹೇಳುವವರಿದ್ದರು. ಮನೆಯ ಯಜಮಾನರೇ ಒಪ್ಪಿದ ಮೇಲೆ ಮತ್ತೆ ಕೇಸು ಎಲ್ಲಿ? ಈಗ ಯಾರು ಹೇಳ್ತಾರೆ ಟೀಚರ್?"

"ಅಳಿಯ ಸಂಕಪ್ಪ ಶೆಟ್ರು ಇದ್ದಾರಲ್ಲ" ಎಂದಳು ಪ್ರೇಮಾವತಿ. "ಅಳಿಯಕಟ್ಟಿನ ಮನೆ, ಯಜಮಾನಿಕೆ ಸೋದರಳಿಯನಿಗೆ. ಇನ್ನು ಅವರೇ ಯಜಮಾನರು."

"ಅವರನ್ನು ಅಪ್ಪ ಕೇಳಿದ್ದಾರೆ. ಮಾವನ ಉತ್ತರಕ್ರಿಯೆಯ ಬೊಜ್ಜ ಕಳೆಯಲಿ ಹಾಜಬ್ಬ, ಮತ್ತೆ ನೋಡುವ ಅಂದರಂತೆ. ಆ ಮನುಷ್ಯನ ಹತ್ತಿರ ಈಗ ಎಂತ ಕೇಳುವುದು? ಅವತ್ತು ಮಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಗೆ ಅತ್ತರು. ನಾನೂ ಬಸ್ಸಿನಲ್ಲಿ ಇದ್ದವಳಲ್ವಾ."

ಟೀಚರ ಕಣ್ಣಿಗೂ ಅದು ಕಟ್ಟಿದ ಹಾಗೆ ಬಂತು. ಧೂಳಿನಲ್ಲಿ ಕೂತ ಸಂಕಪ್ಪ. ಹಣೆಹಣೆ ಬಡಿದುಕೊಳ್ಳುವ ಅವನ ಬಲಗೈ. ಆ ಕೈಯ ದಪ್ಪ ಉಂಗುರದ ಕೆಂಪು ಕಲ್ಲಿಗೂ ರಕ್ತ ಹತ್ತಿತ್ತು. ಇಳಿಜಾರಿನಲ್ಲಿ ಹಂಡೆ ಇನ್ನೂ ಸದ್ದು ಮಾಡುತ್ತ ಉರುಳುತ್ತಲೇ ಇತ್ತು.

ಮೂಲೆಯಲ್ಲಿ ಕೂತಿದ್ದ ಜಲಜಾಕ್ಷಿ ಮಾತ್ರ ತಲೆ ಎತ್ತಿರಲಿಲ್ಲ. ಅವಳು ಅದೇ ಬಸ್ಸಿನ ಡ್ರೈವರ್ ನಿತ್ಯಾನಂದನ ಹೆಂಡತಿ.

"ನಿಲ್ಲಿಸಿದಿರಿ ಯಾಕೆ? ಇನ್ನೊಂದು ಅರ್ಥ ಉಂಟಲ್ಲ. ಅದನ್ನೂ ಬರೆಯಿರಿ."

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಪದ್ಮಾಕ್ಷಿ ನಿಂತಿದ್ದಳು. ಕಂಡಕ್ಟರ್ ಡೊಂಬಯ್ಯನ ಹೆಂಡತಿ. ಬೀಡಿ ಕಟ್ಟುತ್ತಿದ್ದವಳು ಹಾಗೆಯೇ ಎದ್ದು ಬಂದಿರಬೇಕು, ಸೀರೆಯ ತುಂಬ ಹೊಗೆಸೊಪ್ಪಿನ ಪುಡಿ.

"ಬಾ ಪದ್ಮಾಕ್ಷಿ, ಕೂತುಕೋ" ಎಂದರು ಟೀಚರು.

"ಕೂರಲಿಕ್ಕೆ ಬಂದದ್ದಲ್ಲ. ನಾಳೆ ಬೆಳಿಗ್ಗೆ ಅವರನ್ನು ಪುನಃ ಬಂಟ್ವಾಳದ ಕೋರ್ಟಿಗೆ ಕರಕೊಂಡು ಹೋಗ್ತಾರಂತೆ. ಕೊಲೆ ಅಂತ ಬರೆದಿದ್ದಾರಂತೆ. ಬಸ್ಸಿನಲ್ಲಿ ಇದ್ದವರೆಲ್ಲ ರೈಟ್ ಕೇಳಿದ್ದೇವೆ ಅಂತ ಸೈನು ಹಾಕಿದ್ದೀರಂತೆ. ನಿಮ್ಮದೂ ಉಂಟಂತೆ. ಓದಿದ ಟೀಚರೇ ಕೇಳಿದ್ದಾರೆ, ಇನ್ನು ಎಂಥ ಸಂಶಯ ಅಂತ ಇನ್ಸ್‌ಪೆಕ್ಟ್ರು ನನ್ನ ಮುಖಕ್ಕೇ ಹೇಳಿದರು."

ಟೀಚರು ಚಾಕ್‌ಪೀಸು ಕೆಳಗಿಟ್ಟರು.

"ಡೊಂಬಯ್ಯ ಎಂತ ಹೇಳ್ತಾನೆ?"

"ನಾನು ರೈಟ್ ಕೊಟ್ಟಿಲ್ಲ. ಅಷ್ಟೇ. ಆ ಜಾಗದ ಸಂಗತಿ ಠಾಣೆಯಲ್ಲಿ ಮಾತಾಡುವಂಥದ್ದಲ್ಲ ಅಂತ ಕೈ ಮುಗಿದು ಕೂತಿದ್ದಾರೆ. ಹೊಡೆದರೂ ಅದೇ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ತಾಯಿಮನೆ ವೇಣೂರು, ದಿಕ್ಕೇ ಬೇರೆ. ಆ ದಾರಿಯಲ್ಲಿ ಅವರ ಬಸ್ಸಿನಲ್ಲಿ ನಾನು ಹೋದದ್ದೇ ಇಲ್ಲ. ನೀವು ದಿನಾ ಹೋಗುವವರು. ಅವರು ಹೇಗೆ ಹೇಳಿದರು, ಒಮ್ಮೆ ಹೇಳಿ ತೋರಿಸಿ. ನನ್ನ ಗಂಡನನ್ನು ನೇಣಿಗೆ ಹಾಕುವ ಮಾತು ಹೇಗೆ ಇತ್ತು ಅಂತ ನಾನೂ ಕೇಳುತ್ತೇನೆ."

ಪ್ರೇಮಾವತಿ ಎದ್ದು ಅವಳ ಹೆಗಲಿಗೆ ಕೈ ಹಾಕಲು ಹೋದಳು. ಪದ್ಮಾಕ್ಷಿ ಕೈ ಕೊಡವಿದಳು.

"ಬಾನು, ನೀನು ಮುಂದಿನ ಸೀಟಿನವಳಲ್ವಾ? ನೀನು ಹೇಳು."

ಶಹರ್ಬಾನು ಟೀಚರ ಕಡೆ ನೋಡಿದಳು. ಟೀಚರು ತಲೆಯಾಡಿಸಿದರು. ಅವಳು ಕಣ್ಣು ಮುಚ್ಚಿ, ಬಸ್ಸಿನಲ್ಲೇ ಕೂತವಳ ಹಾಗೆ, ತಡೆದು ತಡೆದು ಹೇಳತೊಡಗಿದಳು.

"ಸ್ಟ್ಯಾಂಡಿನಿಂದ ಹೊರಡುವಾಗ ಡೊಂಬಯ್ಯಣ್ಣ ಎಳೆದು ಹೇಳುವುದು. ರೈ...ಟ್ ಅಂತ. ಶಾಲೆಯ ಹತ್ತಿರ ಬರೀ ರೈಟ್. ಸಿದ್ಧಕಟ್ಟೆ ಪೇಟೆಯಲ್ಲಿ ಗಲಾಟೆ, ಅಲ್ಲಿ ರೈಟ್ ರೈಟ್, ಪೋಯಿ ಪೋಯಿ ಅಂತ ಬೊಬ್ಬೆ. ಮತ್ತೆ ಪಾಲೆಮರದ ಏರು. ಅಲ್ಲಿ ಇಳಿದು ಕಟ್ಟೆಯ ಹತ್ತಿರ ಹೋಗ್ತಾರೆ. ವಾಪಾಸು ಬಂದು..."

ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಮಾತು ಬರಲಿಲ್ಲ.

ಮಾತಿನ ಬದಲು ಅವಳ ಕೈ ಎದ್ದಿತು. ಅಂಗೈಯಿಂದ ಬೆಂಚಿನ ಹಲಗೆಯನ್ನು ಎರಡು ಸಲ ತಟ್ಟಿತು.

ಧಬ್. ಧಬ್.

ಅವಳು ಕಣ್ಣು ಬಿಟ್ಟು ತನ್ನ ಕೈಯನ್ನೇ ನೋಡಿದಳು.

"ಅಯ್ಯೋ ದೇವರೇ!" ಪ್ರೇಮಾವತಿ ಎದೆಗೆ ಕೈ ಇಟ್ಟುಕೊಂಡಳು. "ಅಲ್ಲಿ ರೈಟ್ ಎಲ್ಲಿ ಉಂಟು ಮಾರಾಯ್ತಿ!"

ಇಲ್ಲ. ಅಲ್ಲಿ ರೈಟ್ ಇಲ್ಲ. ಪಾಲೆಮರದ ಬುಡದ ಕಟ್ಟೆ ಗುಳಿಗ ದೈವದ್ದು. ಹೋಗುವ ಬಸ್ಸು, ಬರುವ ಬಸ್ಸು, ಎರಡೂ ಅಲ್ಲಿ ನಿಲ್ಲಬೇಕು. ಕಂಡಕ್ಟರ್ ಇಳಿದು ಒಂದು ಹೊಸಪೈಸೆ ಇಟ್ಟು ಕೈ ಮುಗಿದು ಬರುತ್ತಾನೆ. ಅಷ್ಟು ಹೊತ್ತು ಒಬ್ಬನೂ ದನಿ ಎತ್ತುವುದಿಲ್ಲ. ಬಾಯಿಬಡುಕರೂ ಎಲೆಯಡಿಕೆಯನ್ನು ದವಡೆಗೆ ಒತ್ತಿಕೊಂಡು ಸುಮ್ಮನಿರುತ್ತಾರೆ. ಗುಳಿಗನ ಮುಂದೆ ಕೂಗಬಾರದು. ಹಾಗಾಗಿ ಕಂಡಕ್ಟರ್ ಮುಂದಿನ ಬಾಗಿಲ ಪಕ್ಕದ ತಗಡಿಗೆ ಅಂಗೈಯಿಂದ ಎರಡು ತಟ್ಟು ತಟ್ಟುತ್ತಾನೆ, ಬಸ್ಸು ಹೊರಡುತ್ತದೆ.

ಆ ದಾರಿಯವರಿಗೆ ಇದು ಉಸಿರಾಡಿದ ಹಾಗೆ. ಉಸಿರಾಡಿದ್ದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ? ಕೊಡಗಿನಿಂದ ವರ್ಗವಾಗಿ ಬಂದ ಸಬ್‌ಇನ್ಸ್‌ಪೆಕ್ಟರ್ ಕುಶಾಲಪ್ಪನವರು ಪ್ರತಿಯೊಬ್ಬರನ್ನೂ ಕೇಳಿದ್ದು ಒಂದೇ ಪ್ರಶ್ನೆ, 'ಕಂಡಕ್ಟರ್ ರೈಟ್ ಹೇಳಿದ್ದು ಕೇಳಿಸ್ತಾ?' ಬಸ್ಸು ಹೊರಟದ್ದು ನಿಜ. ಹೊರಟಿದೆ ಎಂದ ಮೇಲೆ ಯಾರೋ ರೈಟ್ ಹೇಳಿರಲೇಬೇಕು. ಬಸ್ಸಿನ ತುಂಬ ಜನ ಹೌದು ಎಂದರು.

ಕಿವಿಯಿಂದ ಕೇಳಿದ್ದು ಮಾತ್ರ ಬೇಕು ಎಂದು ವಾರವಾರವೂ ಹೇಳುವ ವಾಗ್ದೇವಿ ಟೀಚರೂ ಹೌದು ಎಂದಿದ್ದರು.

ಅವರು ಕುರ್ಚಿಯ ಬೆನ್ನು ಹಿಡಿದು ನಿಂತರು. ತಮ್ಮದೇ ನಿಯಮವನ್ನು ತಮ್ಮ ಮೇಲೆ ಹಾಕಿಕೊಂಡರು. ಎಲ್ಲಿ ಕೇಳಿದ್ದು? ಯಾರ ಬಾಯಿಯಿಂದ? ಮೌನ ನೆನಪಿಗೆ ಬಂತು. ಇಂಜಿನಿನ ಗುರುಗುರು. ಆಮೇಲೆ ಬಸ್ಸು ಹಾರಿದ್ದು, ಹಿಂದೆ ಏನೋ ಧೊಪ್ಪೆಂದದ್ದು, ಹೆಂಗಸರ ಕಿರುಚಾ‌ಟ. ಆ ಕಿರುಚಾಟದ ಮೇಲೆ ಒಂದು ಗಂಡುದನಿಯ ಅಳು. 'ಯಾಕೆ ರೈಟ್ ಕೊಟ್ಟೆ ಡೊಂಬಯ್ಯ? ಮಾವ ಏಣಿಯಲ್ಲಿ ಇದ್ದದ್ದು ಕಾಣಲಿಲ್ಲವಾ? ಯಾಕೆ ರೈಟ್ ಕೊಟ್ಟೆ?'

ಅವರು ಆ ಪದ ಕೇಳಿದ್ದು ಆಗ. ಮುಂಡಪ್ಪ ಶೆಟ್ಟರು ಬಿದ್ದ ಮೇಲೆ. ಪಾಪ, ದುಃಖದಲ್ಲಿ ಬಾಯಿಗೆ ಬಂದದ್ದನ್ನು ಸಂಕಪ್ಪ ಹೇಳಿರಬೇಕು. ಅದನ್ನೇ ಇಡೀ ಬಸ್ಸು ಎತ್ತಿಕೊಂಡಿತ್ತು.

"ಪದ್ಮಾಕ್ಷಿ" ಎಂದರು ಟೀಚರು. "ನಾನು ಕೇಳದ್ದನ್ನು ಕೇಳಿದ್ದೇನೆ ಅಂತ ಬರೆದುಕೊಟ್ಟಿದ್ದೇನೆ. ಈಗಲೇ ಠಾಣೆಗೆ ಹೋಗ್ತೇನೆ."

ಹೊರಗೆ ತೂಗುಹಾಕಿದ್ದ ಕೊಡೆಯನ್ನು ತೆಗೆದುಕೊಳ್ಳುವಾಗ ಅವರಿಗೆ ಕಂಡಿತು, ಮೂಲೆಯ ಬೆಂಚು ಖಾಲಿ. ಜಲಜಾಕ್ಷಿ ಯಾವಾಗಲೋ ಎದ್ದು ಹೋಗಿದ್ದಳು. ಅವಳ ಸ್ಲೇಟು ಅಲ್ಲೇ ಉಳಿದಿತ್ತು. ಟೀಚರು ಅದನ್ನು ಕಂಕುಳಲ್ಲಿ ಇಟ್ಟುಕೊಂಡರು.

ಠಾಣೆಯ ಜಗಲಿಯ ಬೆಂಚಿನಲ್ಲಿ ಸಂಕಪ್ಪ ಶೆಟ್ಟಿ ಕೂತಿದ್ದ. ಮಾವನ ಹಂಡೆಯನ್ನು ಪೋಲೀಸರಿಂದ ಬಿಡಿಸಿಕೊಂಡು ಹೋಗಲು ಬಂದವನು. ಬೋಳಿಸಿದ ತಲೆ, ಕೆಂಪಾದ ಕಣ್ಣು. ಬಲಗಾಲಿನ ಪಾದಕ್ಕೆ ಬಟ್ಟೆ ಸುತ್ತಿತ್ತು. ಟೀಚರನ್ನು ಕಂಡು ಕುಂಟುತ್ತ ಎದ್ದು ಕೈ ಮುಗಿದ.

"ನಿಮ್ಮಂಥವರು ಸಾಕ್ಷಿ ಇದ್ದೀರಿ ಅಂತ ನಮಗೆ ಧೈರ್ಯ, ಟೀಚರೇ. ನಮ್ಮ ಮಾವನಿಗೆ ನ್ಯಾಯ ಸಿಗಬೇಕು."

"ಕಾಲಿಗೆ ಎಂತ ಆಯಿತು ಶೆಟ್ರೇ?"

"ಮುಳ್ಳು ಟೀಚರೇ. ಅವತ್ತೇ ಇತ್ತು. ಇಲ್ಲದಿದ್ದರೆ ಈ ವಯಸ್ಸಿನಲ್ಲಿ ಮಾವನನ್ನು ಏಣಿ ಹತ್ತಲಿಕ್ಕೆ ಬಿಡ್ತಿದ್ದೆನಾ? ನಾನು ಕೆಳಗೆ ನಿಂತು ಹಂಡೆ ಹಿಡಿಯುವವ." ಅವನು ಕಣ್ಣು ಒರೆಸಿಕೊಂಡ. ಟೀಚರು ಒಳಗೆ ಹೋದರು.

ಒಳಗೆ ಕುಶಾಲಪ್ಪನವರು ಎಲ್ಲವನ್ನೂ ಕೇಳಿ ಪೆನ್ನಿನ ಕ್ಯಾಪು ಹಾಕಿದರು. ಅವರ ಕನ್ನಡ ಘಟ್ಟದ ಮೇಲಿನದು.

"ಅಂದ್ರೆ ನಿಮ್ಮ ಹೇಳಿಕೆ ಸುಳ್ಳು ಅಂತ ನೀವೇ ಹೇಳ್ತಿದ್ದೀರಾ?"

"ಹೌದು."

"ನಾಳೆ ಇದನ್ನ ಕೋರ್ಟಲ್ಲಿ ಹೇಳಿದ್ರೆ ನಿಮ್ಮ ಕೆಲಸಕ್ಕೇ ಸಂಚಕಾರ ಬರುತ್ತೆ ಟೀಚರ್. ಯೋಚನೆ ಮಾಡಿ."

"ಮಾಡಿಯೇ ಬಂದದ್ದು. ಆ ಕಟ್ಟೆಯ ಹತ್ತಿರ ಯಾರೂ ರೈಟ್ ಹೇಳುವುದಿಲ್ಲ. ಈ ದಾರಿಯ ಯಾರನ್ನು ಬೇಕಾದರೂ ಕರೆದು ಕೇಳಿ."

"ಕೇಳಿದ್ದೆ. ಎಲ್ಲರೂ ರೈಟ್ ಅಂದ್ರು. ಈಗ ಎಲ್ಲರೂ ಇಲ್ಲ ಅಂದ್ರೆ, ಕಂಡಕ್ಟರ್ ಹೆಂಡತಿ ಅತ್ತಳು, ಜನ ಮಾತು ತಿರುಗಿಸಿದ್ರು ಅಂತಾರೆ ಮೇಲಿನವರು." ಅವರು ಕುರ್ಚಿಯಿಂದ ಎದ್ದು ಕಿಟಕಿಯ ಬಳಿ ಹೋದರು. ಕೆಟ್ಟ ಮನುಷ್ಯರಲ್ಲ, ಆದರೆ ಸುಸ್ತಾದವರು. "ಬಸ್ಸು ಬಿಟ್ಟೋನು ಡ್ರೈವರ್. ಅವನು ರೈಟ್ ಕೇಳಿಲ್ಲ ಅಂತ ಹೇಳಲಿ. ಅವನ ಬಾಯಿಂದಾನೇ ಬರಲಿ. ಆಗ ನಾಳೆ ಕೋರ್ಟಲ್ಲಿ ನಾನೇ ಟೈಮ್ ಕೇಳ್ತೀನಿ. ಇಲ್ಲದಿದ್ರೆ ನನ್ನ ಕೈಲಿ ಏನೂ ಇಲ್ಲ."

"ಈಗಲೇ ಅವನ ಮನೆಗೆ ಹೋಗ್ತೇನೆ" ಎಂದರು ಟೀಚರು.

ಕೋಣೆಯ ಬಾಗಿಲು ತೆರೆದೇ ಇತ್ತು. ಹೊರಗೆ ಬಂದಾಗ ಜಗಲಿಯ ಬೆಂಚಿನಲ್ಲಿ ಯಾರೂ ಇರಲಿಲ್ಲ. ಹಂಡೆ ಮಾತ್ರ, ಒಂದು ಬದಿ ನಗ್ಗಿಹೋಗಿ, ಗೋಡೆಗೆ ಒರಗಿತ್ತು.

ನಿತ್ಯಾನಂದನ ಮನೆ ಪೇಟೆಯಿಂದ ಸ್ವಲ್ಪ ಆಚೆ, ಗುಡ್ಡದ ಬುಡದಲ್ಲಿ. ಇನ್ನೂ ಬಿಸಿಲು ಇಳಿದಿರಲಿಲ್ಲ. ಮುರಕಲ್ಲಿನ ಮೆಟ್ಟಿಲು ಹತ್ತಿ ಹೋದ ಟೀಚರು ಕೊಡೆಯನ್ನು ಜಗಲಿಯ ಕಂಬಕ್ಕೆ ಒರಗಿಸಿದರು. ಮುಂಬಾಗಿಲಿನ ಹಲಗೆ ಗೆದ್ದಲು ತಿಂದು ಹೋಗಿತ್ತು. ಅದರ ಮೇಲೆ ಡ್ರೈವರು ಹಳೆಯ ಬಸ್ಸಿನ ತಗಡೊಂದನ್ನು ಬಡಿದಿದ್ದ. ಹಸಿರು ಪೈಂಟು ಅರ್ಧ ಎದ್ದುಹೋದ ತಗಡು.

ಬಾಗಿಲು ತೆರೆದವಳು ಜಲಜಾಕ್ಷಿ. ಅತ್ತು ಮುಖ ಬಾತಿತ್ತು.

"ನಿನ್ನ ಸ್ಲೇಟು ಬಿಟ್ಟು ಬಂದೆಯಲ್ಲ" ಎಂದರು ಟೀಚರು.

ಅವಳು ಸ್ಲೇಟನ್ನು ತೆಗೆದುಕೊಳ್ಳಲಿಲ್ಲ. ಸುಮ್ಮನೆ ಪಕ್ಕಕ್ಕೆ ಸರಿದು ಅವರನ್ನು ಒಳಗೆ ಬಿಟ್ಟು, ಬಾಗಿಲು ಹಾಕಿ ಅಗಳಿ ಇಟ್ಟಳು.

ಚಾಪೆಯ ಮೇಲೆ ಕೂತಿದ್ದ ನಿತ್ಯಾನಂದ ದಡಬಡಿಸಿ ಎದ್ದ. ಸ್ಟೇರಿಂಗು ಹಿಡಿದು ಹಿಡಿದು ದಪ್ಪವಾದ ಕೈಗಳು. ಆ ಕೈಗಳನ್ನು ಎಲ್ಲಿ ಇಡಬೇಕೆಂದು ಅವನಿಗೆ ತೋಚಲಿಲ್ಲ.

"ನಾನು ಹೇಳುವುದೆಲ್ಲ ಪೋಲೀಸರ ಹತ್ತಿರ ಹೇಳಿ ಆಗಿದೆ, ಟೀಚರಮ್ಮ. ರೈಟ್ ಕೇಳಿತು, ಬಿಟ್ಟೆ."

"ಎಲ್ಲಿ ಕೇಳಿದ್ದು?"

"ಬಸ್ಸಿನಲ್ಲಿ."

"ಯಾರ ಬಾಯಿಯಿಂದ?"

"ಡೊಂಬಯ್ಯನ ಬಾಯಿಯಿಂದ. ಮತ್ತೆ ಯಾರ ಬಾಯಿಯಿಂದ?"

"ಹೇಗೆ ಹೇಳಿದ? ಸ್ಟ್ಯಾಂಡಿನಲ್ಲಿ ಹೇಳುವ ಹಾಗೆ ಎಳೆದಾ? ಸಿದ್ಧಕಟ್ಟೆಯ ಹಾಗೆ ಬೊಬ್ಬೆ ಹಾಕಿಯಾ?"

"ಯಾವಾಗಲೂ ಹೇಳುವ ಹಾಗೆ."

"ಪಾಲೆಮರದಲ್ಲಿ ಯಾವಾಗಲೂ ಹೇಳ್ತಾನಾ, ನಿತ್ಯಾನಂದ?"

ಅವನು ಹೆಂಡತಿಯ ಕಡೆ ನೋಡಿದ. ಅವಳು ನೋಟ ತಪ್ಪಿಸಲಿಲ್ಲ.

"ನೀವು ಕೂಡ ಈ ಊರಿನವರಾಗಿ ಅಂಥ ಮಾತು ಹೇಗೆ ಹೇಳಿದಿರಿ? ಗುಳಿಗನ ಮುಂದೆ ಡೊಂಬಯ್ಯ ರೈಟ್ ಅಂತ ಕೂಗಿದ ಅಂತ? ಕೇಳಿದವರಿಗೆ ಗೊತ್ತಾಗ್ತದೆ ಅಂತ ಹೆದರಿಕೆ ಆಗಲಿಲ್ಲವಾ?" ಎಂದರು ಟೀಚರು.

"ಯಾರಿಗೂ ಗೊತ್ತಾಗಲಿಲ್ಲವಲ್ಲ" ಎಂದ ಅವನು, ತನಗೇ ಹೇಳಿಕೊಂಡ ಹಾಗೆ. "ನಿಮಗೂ ಗೊತ್ತಾಗಲಿಲ್ಲವಲ್ಲ."

ಆ ಮಾತು ಟೀಚರಿಗೆ ನಾಟಿತು.

ಜಲಜಾಕ್ಷಿ ಮುಂದೆ ಬಂದಳು. "ಹೇಳಿಬಿಡಿ. ನಾನು ಇವತ್ತು ಪದ್ಮಾಕ್ಷಿಯ ಮುಖ ನೋಡಿ ಬಂದವಳು. ನೀವು ಹೀಗೆ ಬಾಯಿ ಮುಚ್ಚಿ ಕೂತರೆ ನಾಳೆಯಿಂದ ನಿಮಗೆ ಗಂಜಿ ಬಡಿಸಲಿಕ್ಕೆ ನನ್ನ ಕೈ ಬರುವುದಿಲ್ಲ."

ಹಿತ್ತಲಲ್ಲಿ ಕೋಳಿಯೊಂದು ಕೆದಕುವ ಸದ್ದು.

"ತಟ್ಟಿದ್ದು ಕೇಳಿತು" ಎಂದ ನಿತ್ಯಾನಂದ.

"ಡೊಂಬಯ್ಯ ತಟ್ಟಿದ್ದಾ?"

"ಅಲ್ಲ. ಡೊಂಬಯ್ಯ ಆಗ ಇನ್ನೂ ಕಟ್ಟೆಯ ಮುಂದೆ ಬಗ್ಗಿಕೊಂಡಿದ್ದ. ಬಿಟ್ಟ ಮೇಲೆ ನಾನು ಕಂಡದ್ದು. ಅವನು ತಟ್ಟುವುದು ಮುಂದಿನ ಬಾಗಿಲಲ್ಲಿ, ಅಂಗೈಯಲ್ಲಿ, ಧಬ್ ಧಬ್ ಅಂತ. ಇದು ಹಿಂದಿನಿಂದ ಬಂತು. ಏಣಿ ಇರುವ ಕಡೆಯಿಂದ. ಟಣ್ ಟಣ್ ಅಂತ. ಕೈಯದ್ದಲ್ಲ, ಲೋಹದ್ದು."

"ಗೊತ್ತಿದ್ದೂ ಬಿಟ್ಟಿರಾ?"

"ಕಾಲಿಗೆ ಎಂತ ಗೊತ್ತು, ಟೀಚರಮ್ಮ!" ಅವನು ತನ್ನ ಬಲಗಾಲಿಗೆ ಒಂದು ಏಟು ಹಾಕಿಕೊಂಡ. "ಅದು ಏರು. ಸುಮ್ಮನೆ ಬ್ರೇಕು ಬಿಟ್ಟರೆ ಬಸ್ಸು ಹಿಂದಕ್ಕೆ ಹೋಗ್ತದೆ. ಹಾಗಾಗಿ ಆಕ್ಸಿಲರೇಟರು ಒತ್ತಿಯೇ ಬಿಡುವುದು, ಮುಂದಕ್ಕೆ ಹಾರ್ತದೆ. ಅಲ್ಲಿ ಇಳಿಯುವವರಿಗೆಲ್ಲ ಅದು ಗೊತ್ತುಂಟು. ಎರಡು ಸಲ ತಟ್ಟಿದ್ದು ಕೇಳಿತು, ಕಾಲು ಬಿಟ್ಟಿತು. ಇದು ಬೇರೆ ಸದ್ದು ಅಂತ ತಲೆಗೆ ಹೋಗುವಾಗ ಹಂಡೆ ಉರುಳುತ್ತಿತ್ತು."

ಅವನು ಚಾಪೆಯ ಮೇಲೆ ಕುಸಿದು ಕೂತ. ಈಗ ಮಾತು ನಿಲ್ಲುವ ಹಾಗೆ ಇರಲಿಲ್ಲ.

"ಇನ್ಸ್‌ಪೆಕ್ಟ್ರ ಹತ್ತಿರ ಇದನ್ನೇ ಹೇಳುವವನಿದ್ದೆ. ಅವರು ಬರುವ ಮೊದಲು ಅಲ್ಲೇ ಒಬ್ಬರು ನನ್ನನ್ನು ಮರದ ಆಚೆ ಕರೆದು ಹೇಳಿದರು. ಕಂಡಕ್ಟರನ ತಟ್ಟು ಯಾವುದು, ಬೇರೆಯವರ ತಟ್ಟು ಯಾವುದು ಅಂತ ಗೊತ್ತಿಲ್ಲದವ ಎಂಥ ಡ್ರೈವರು ಅಂತ ಕೇಳ್ತಾರೆ. ಲೈಸೆನ್ಸು ಹೋಗ್ತದೆ. ಜೈಲಿಗೆ ನೀನೇ ಹೋಗ್ತಿ. ತಟ್ಟಿದ ಸುದ್ದಿಯೇ ಎತ್ತಬೇಡ. ರೈಟ್ ಕೇಳಿತು ಅಂತ ಒಂದು ಮಾತು ಹೇಳು ಸಾಕು. ಎಲ್ಲರೂ ಅದನ್ನೇ ಹೇಳ್ತಾರೆ, ನೋಡುತ್ತಿರು ಅಂತ."

ಟೀಚರು ಮುಂದಕ್ಕೆ ಬಾಗಿದರು.

"ಯಾರು ಹಾಗೆ ಹೇಳಿದ್ದು?"

ನಿತ್ಯಾನಂದ ತಲೆ ಎತ್ತಿದ. ತುಟಿ ಅಲ್ಲಾಡಿತು.

ಹೊರಗೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಎರಡೆರಡು ಮೆಟ್ಟಿಲನ್ನು ಒಟ್ಟಿಗೆ ಹತ್ತಿಬರುವ, ಗಟ್ಟಿಯಾದ, ಸರಾಗ ಹೆಜ್ಜೆ. ಜಗಲಿಗೆ ಬಂದು ನಿಂತಿತು. ಆಮೇಲೆ ಬಾಗಿಲಿನ ತಗಡಿನ ಮೇಲೆ,

ಟಣ್. ಟಣ್.

ನಿತ್ಯಾನಂದನ ಬಲಗಾಲು, ಚಾಪೆಯ ಮೇಲೆ, ಇಲ್ಲದ ಪೆಡಲನ್ನು ಒತ್ತಿತು.

"ಅದೇ" ಎಂದ ಉಸಿರಿನಲ್ಲಿ. "ಅದೇ ಸದ್ದು, ಟೀಚರಮ್ಮ."

"ನಿತ್ಯಾನಂದ, ಇದ್ದೀಯಾ?" ಹೊರಗಿನ ದನಿ ಮೆದುವಾಗಿತ್ತು. "ನಾನು ಮಾರಾಯ, ಸಂಕಪ್ಪ. ಮಾವನ ಬೊಜ್ಜಕ್ಕೆ ಕರೆಯಲಿಕ್ಕೆ ಬಂದೆ."

ವಾಗ್ದೇವಿ ಟೀಚರ ಕೈಯಿಂದ ಸ್ಲೇಟು ಜಾರಿತು. ಜಲಜಾಕ್ಷಿ ಅದನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದಳು.

ಮುಳ್ಳು ಚುಚ್ಚಿದ ಕಾಲು ಹಾಗೆ ಮೆಟ್ಟಿಲು ಹತ್ತುವುದಿಲ್ಲ. ಯಾಕೆ ರೈಟ್ ಕೊಟ್ಟೆ ಎಂದು ಅತ್ತವನು ಬಂಟ್ವಾಳದವನಲ್ಲ, ಮಂಗಳೂರಿನವನಲ್ಲ, ಆ ಪಾಲೆಮರದ ನೆರಳಿನಲ್ಲೇ ಹುಟ್ಟಿ ಬೆಳೆದವನು. ಅಲ್ಲಿ ರೈಟ್ ಇಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಾವ ಏಣಿಯ ಮೇಲಿದ್ದಾಗ ಕೆಳಗೆ, ಬಸ್ಸಿನ ತಗಡಿಗೆ ಕೈ ಎಟಕುವಷ್ಟು ಹತ್ತಿರ ನಿಂತಿದ್ದವನು ಅವನೊಬ್ಬನೇ. ಮಾವ ಕೋರ್ಟಿನಲ್ಲಿ ಹಾಜಬ್ಬನ ಹಕ್ಕನ್ನು ಒಪ್ಪಿದ್ದರೆ ಗದ್ದೆ ಕಳೆದುಕೊಳ್ಳುವವನೂ ಅವನೇ. ಠಾಣೆಯ ಜಗಲಿಯಲ್ಲಿ ಕೂತು ಟೀಚರ ಮಾತನ್ನೆಲ್ಲ ಕೇಳಿಸಿಕೊಂಡವನೂ ಅವನೇ.

ಟೀಚರು ಬೆರಳನ್ನು ತುಟಿಗೆ ಇಟ್ಟು ಇಬ್ಬರಿಗೂ ಸನ್ನೆ ಮಾಡಿದರು. ಹಿತ್ತಲ ಬಾಗಿಲಿನ ಕಡೆ ನೋಡಿದರು. ಮೂರು ಹೆಜ್ಜೆ ನಡೆದರೆ ಸಾಕು, ಪೋಲೀಸು ಠಾಣೆಯ ತನಕ ಓಡಬಹುದು. ಡೊಂಬಯ್ಯನನ್ನು ಬಿಡಿಸುವ ಮಾತು ಈಗ ಈ ಕೋಣೆಯ ಮೂವರ ಕಿವಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

"ಓಹೋ" ಎಂದಿತು ಹೊರಗಿನ ದನಿ. ಕಂಬಕ್ಕೆ ಒರಗಿಸಿದ್ದ ಕೊಡೆಯನ್ನು ಎತ್ತಿಕೊಂಡ ಸದ್ದು. ಕರಿಬಟ್ಟೆಯ ಮೇಲೆ ಬಿಳಿ ಪೈಂಟಿನಲ್ಲಿ ಹೆಸರು ಬರೆಸಿದ ಕೊಡೆ ಅದು. "ವಾಗ್ದೇವಿ. ಟೀಚರೂ ಇಲ್ಲೇ ಇದ್ದಾರಲ್ಲ. ಒಳ್ಳೆಯದೇ ಆಯಿತು. ಎಲ್ಲರ ಹತ್ತಿರವೂ ಒಟ್ಟಿಗೆ ಮಾತಾಡುವ."

ಬಾಗಿಲಿನ ಸಂದಿಯಿಂದ ಒಂದು ಬೆರಳು ಒಳಗೆ ಬಂತು. ಮೆಲ್ಲಗೆ, ಆತುರವಿಲ್ಲದೆ, ಅಗಳಿಯನ್ನು ಹುಡುಕಿ ಮೇಲಕ್ಕೆ ಎತ್ತತೊಡಗಿತು. ಆ ಬೆರಳಿನಲ್ಲಿ ಕೆಂಪು ಕಲ್ಲಿನ ದಪ್ಪ ಉಂಗುರವಿತ್ತು.